ತಿದ್ದಿದ ಉತ್ತರ ಪತ್ರಿಕೆ ಮಕ್ಕಳ ಕೈಗೆ ಕೊಡಿ

ಮಾನ್ಯ ಸಂಪಾದಕರೇ,

‘ಈಗಿನ ಮಕ್ಕಳಿಗೆ ಮೇಷ್ಟ್ರು ಅಂದರೆ ಲೆಕ್ಕಕ್ಕೇ ಇಲ್ಲ’ ಎಂಬ ಮಾತು ಪದವಿ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಆಗಾಗ ಕೇಳಿಬರುತ್ತದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದ ನಾನೂ ಮೊದಲ ಕೆಲವು ವರ್ಷ ಇದೇ ಮಾತಾಡಿದವನು. ಆಗ ನನ್ನ ಕೈಲಿದ್ದದ್ದು ಶೇ 75ರ ಹಾಜರಾತಿ ಮತ್ತು ಆಂತರಿಕ ಅಂಕ, ಅಷ್ಟೇ. ಆ ಭಯಕ್ಕೆ ಮಕ್ಕಳು ಬಂದು ಕೂರುತ್ತಿದ್ದರು. ಹಾಜರಿ ಕೂಗಿ ಮುಗಿಯುತ್ತಿದ್ದಂತೆ ಹಿಂದಿನ ಬೆಂಚು ಖಾಲಿ.

ನನ್ನ ಕಣ್ಣು ತೆರೆಸಿದ್ದು ಒಬ್ಬ ಹುಡುಗಿಯ ಕಿರುಪರೀಕ್ಷೆಯ ಉತ್ತರ ಪತ್ರಿಕೆ. ಪೂರೈಕೆಯ ಸ್ಥಿತಿಸ್ಥಾಪಕತ್ವದ, ಅಂದರೆ ಬೆಲೆ ಬದಲಾದಾಗ ಪೂರೈಕೆ ಎಷ್ಟು ಬದಲಾಗುತ್ತದೆ ಎಂಬ ಪ್ರಶ್ನೆಗೆ ಗೈಡ್‌ನಲ್ಲಿದ್ದ ವ್ಯಾಖ್ಯೆಯನ್ನು ಅರ್ಧಂಬರ್ಧ ಬರೆದಿದ್ದಳು. ತಿಪಟೂರು ಸೀಮೆಯವಳು. ಸೊನ್ನೆ ಸುತ್ತಲು ಮನಸ್ಸು ಬರದೆ, ಪಕ್ಕದಲ್ಲಿ ‘ನಿಮ್ಮ ಮನೆ ಕೊಬ್ಬರಿ ಲೆಕ್ಕದಲ್ಲಿ ಹೇಳಮ್ಮ’ ಎಂದು ಬರೆದು ವಾಪಸ್ ಕೊಟ್ಟೆ. ಮಾರನೇ ದಿನ ಎರಡು ಪುಟ ತುಂಬಿಸಿ ತಂದಳು. ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚೂಕಡಿಮೆ ಒಂದು ವರ್ಷ ಕಾದರೇನೇ ಉಂಡೆ ಕೊಬ್ಬರಿ. ಬೆಲೆ ಏರಿತೆಂದು ಮುಂದಿನ ಹರಾಜಿಗೆ ಹೊಸ ಕೊಬ್ಬರಿ ಹುಟ್ಟುವುದಿಲ್ಲ, ಅಟ್ಟದಲ್ಲಿ ಇದ್ದಷ್ಟೇ ಎಂದು ಬರೆದಿದ್ದಳು. ಅದನ್ನು ತರಗತಿಯಲ್ಲಿ ಓದಿದೆ. ಅವತ್ತು ಯಾರೂ ಎದ್ದು ಹೋಗಲಿಲ್ಲ. ‘ಹಾಗಾದ್ರೆ ಹಾಲಿಗೆ ಸರ್?’ ಎಂದು ಡೇರಿಗೆ ಹಾಲು ಹಾಕುವ ಮನೆಯ ಹುಡುಗ ಕೇಳಿದ. ನನಗೆ ತಕ್ಷಣ ಹೊಳೆಯಲಿಲ್ಲ. ‘ಯೋಚಿಸಿ ನಾಳೆ ಹೇಳ್ತೀನಿ ಕಣಪ್ಪ’ ಅಂದೆ, ಮಾರನೇ ದಿನ ಮರೆಯದೆ ಹೇಳಿದೆ. ಮಕ್ಕಳು ನನ್ನನ್ನು ನೋಡುವ ರೀತಿ ಬದಲಾದದ್ದು ಅಲ್ಲಿಂದ.

ಆಮೇಲೆ ಪ್ರತಿ ಕಿರುಪರೀಕ್ಷೆಯ ಪತ್ರಿಕೆಯನ್ನೂ ವಾರದೊಳಗೆ, ಹೆಸರು ಹಿಡಿದು ಕರೆದು, ಒಂದು ಸಾಲಾದರೂ ಬರೆದು ಕೊಟ್ಟೆ. ಎಂಬತ್ತು ಪತ್ರಿಕೆಗೆ ಮೂರು ರಾತ್ರಿಯ ಕೆಲಸ, ಸುಳ್ಳು ಹೇಳುವುದಿಲ್ಲ. ಈಗ ಹಲವೆಡೆ ಅಂಕವನ್ನು ಆನ್‌ಲೈನಿಗೆ ಏರಿಸಿದರೆ ಮುಗಿಯಿತು. ತಾನೆಲ್ಲಿ ತಪ್ಪಿದೆ ಎಂಬುದು ಬರೆದವನಿಗೇ ಗೊತ್ತಾಗುವುದಿಲ್ಲ.

1921ರಲ್ಲಿ ರಾಧಾಕೃಷ್ಣನ್ ಅವರು ಮೈಸೂರಿನಿಂದ ಕಲ್ಕತ್ತಾಕ್ಕೆ ಹೊರಟಾಗ ವಿದ್ಯಾರ್ಥಿಗಳೇ ಗಾಡಿ ಎಳೆದು ರೈಲು ನಿಲ್ದಾಣಕ್ಕೆ ಕರೆದೊಯ್ದದ್ದನ್ನು ಪ್ರತಿ ಸೆಪ್ಟೆಂಬರ್ 5ರಂದು ಭಾಷಣಗಳಲ್ಲಿ ಹೇಳುತ್ತೇವೆ. ಅವರು ಮಹಾರಾಜ ಕಾಲೇಜಿನಲ್ಲಿದ್ದದ್ದು ಮೂರೇ ವರ್ಷ, ವಯಸ್ಸು ಆಗಿನ್ನೂ ಮೂವತ್ತರ ಆಸುಪಾಸು ಎಂಬುದನ್ನು ಯಾರೂ ನೆನೆಯುವುದಿಲ್ಲ. ‘ನಾವು ಅತಿಥಿ ಉಪನ್ಯಾಸಕರು, ನಮ್ಮ ಮಾತು ಯಾರು ಕೇಳ್ತಾರೆ’ ಎಂದು ಕೊರಗುವ ಕಿರಿಯ ಗೆಳೆಯರಿಗೆ ನಾನು ಇದನ್ನೇ ಹೇಳುವುದು.

ಆದರೆ ಅವರ ಕೊರಗಿನಲ್ಲಿ ಹುರುಳಿಲ್ಲದೆ ಇಲ್ಲ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ನಾಲ್ಕು ವರ್ಷದ ಪದವಿ ಬಂತು, 2024–25ಕ್ಕೆ ಮತ್ತೆ ಮೂರು ವರ್ಷದ ಪದವಿ. ಪಠ್ಯ ಬದಲಾಗುತ್ತಲೇ ಇದೆ, ಅದನ್ನು ಕಲಿಸಬೇಕಾದವರಿಗೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಸೆಮಿಸ್ಟರ್ ಶುರುವಾದ ಎಷ್ಟೋ ದಿನಕ್ಕೆ ನೇಮಕವಾಗಿ ಬಂದವರು ಮಕ್ಕಳ ಹೆಸರು ಕಲಿಯುವುದು ಯಾವಾಗ? ಕಾಲೇಜು ಶಿಕ್ಷಣ ಇಲಾಖೆ ಅತಿಥಿ ಉಪನ್ಯಾಸಕರನ್ನು ತರಗತಿ ಆರಂಭಕ್ಕೆ ಮೊದಲೇ ನೇಮಿಸಲಿ. ತಿದ್ದಿದ ಪತ್ರಿಕೆಯನ್ನು ವಿದ್ಯಾರ್ಥಿಯ ಕೈಗೆ ಕೊಟ್ಟ ಮೇಲೆಯೇ ಅಂಕ ಏರಿಸಬೇಕೆಂದು ಪ್ರಾಂಶುಪಾಲರು ಈ ಸೆಮಿಸ್ಟರಿನಿಂದಲೇ ಸೂಚಿಸಲಿ.

– ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ, ತುಮಕೂರು ಜಿಲ್ಲೆ