ಟೆಂಟ್ ವಾಸ್ತವ್ಯದ ರಾತ್ರಿಗೂ ಒಂದು ಶಿಸ್ತು ಬೇಕು

ಮಾನ್ಯ ಸಂಪಾದಕರೇ,

ಸುಗ್ಗಿಹಬ್ಬ ಹುತ್ತರಿ ಕಳೆದು ಕಾಫಿ ಕೊಯ್ಲು ಬಿರುಸುಗೊಳ್ಳುವ ಹೊತ್ತಿಗೆ ಕೊಡಗಿನ ಬಾಣೆಗಳ (ಹುಲ್ಲು ಬೆಳೆದ ದಿಣ್ಣೆಗಳ) ಮೇಲೆ, ಕೆರೆ ಏರಿಗಳ ಬದಿಯಲ್ಲಿ, ಭತ್ತ ಕೊಯ್ದು ಒಣಗಿದ ಗದ್ದೆಗಳಲ್ಲಿ ಬಣ್ಣಬಣ್ಣದ ಟೆಂಟುಗಳು ತಲೆಯೆತ್ತುತ್ತವೆ. ಕ್ರಿಸ್ಮಸ್ ರಜೆಯಿಂದ ಸಂಕ್ರಾಂತಿಯವರೆಗೆ ಬೆಂಗಳೂರು, ಮೈಸೂರು ಮತ್ತು ಕೇರಳದ ಕಡೆಯಿಂದ ಬರುವ ಯುವಜನರಿಗೆ ಹಂಚಿನ ಮನೆಯ ಕೋಣೆಗಿಂತ ಮಂಜಿನ ನಡುವೆ ಟೆಂಟಿನಲ್ಲಿ ಮಲಗುವುದೇ ಈಗ ಹೆಚ್ಚು ಪ್ರಿಯವಾಗಿದೆ. ಅದಕ್ಕೆ ತಕ್ಕಂತೆ ಜಿಪ್‌ಲೈನ್, ಹಗ್ಗದ ಸೇತುವೆ, ಕೆಸರಿನ ಬೈಕ್ ಓಟ, ಕೃತಕ ಮಳೆಯ ಕುಣಿತ ಎಲ್ಲವನ್ನೂ ಒಂದೇ ಕಡೆ ಸೇರಿಸಿ ಸಾಹಸ ಉದ್ಯಾನ ಎಂದು ಫಲಕ ಹಾಕಿಕೊಂಡ ರೆಸಾರ್ಟ್‌ಗಳೂ ಹೆಚ್ಚಿವೆ. ಈ ವಾಸ್ತವ್ಯಗಳ ರಾತ್ರಿಯ ವ್ಯವಸ್ಥೆಯ ಬಗ್ಗೆ, ಅಥವಾ ಅವ್ಯವಸ್ಥೆಯ ಬಗ್ಗೆ, ಜಿಲ್ಲಾಡಳಿತದ ಗಮನ ಸೆಳೆಯುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಪ್ರವಾಸಿಗರೇ ಬೇಡ ಎನ್ನುವವರ ಸಾಲಿಗೆ ನಾನು ಸೇರಿದವನಲ್ಲ. ಕಾಫಿ, ಕರಿಮೆಣಸಿನ ಬೆಲೆ ನೆಲಕಚ್ಚಿದ ವರ್ಷಗಳಲ್ಲಿ ಎಷ್ಟೋ ಸಣ್ಣ ಬೆಳೆಗಾರರ ಮನೆಯ ಒಲೆ ಉರಿದದ್ದು ಹೋಂಸ್ಟೇ ಆದಾಯದಿಂದ ಎಂಬುದು ನಮ್ಮ ಭಾಗದಲ್ಲಿ ಎಲ್ಲರಿಗೂ ತಿಳಿದ ವಿಷಯ. ಆದರೆ ಹೋಂಸ್ಟೇಗೂ ಟೆಂಟ್ ವಾಸ್ತವ್ಯಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಹೋಂಸ್ಟೇಯಲ್ಲಿ ಮನೆಯವರು ಅದೇ ಸೂರಿನಡಿ ಮಲಗುತ್ತಾರೆ; ಅತಿಥಿಗಳ ಗದ್ದಲ ಮೊದಲು ಕೇಳುವುದು ಅವರಿಗೇ, ಆದ್ದರಿಂದ ಅದಕ್ಕೊಂದು ಕಡಿವಾಣ ತಾನಾಗಿಯೇ ಬೀಳುತ್ತದೆ. ಟೆಂಟುಗಳ ವಿಷಯದಲ್ಲಿ ಮಾಲೀಕರು ಎಲ್ಲೋ ಇರುತ್ತಾರೆ, ಜಾಗವನ್ನು ಗುತ್ತಿಗೆಗೆ ಪಡೆದವರು ಇನ್ನೆಲ್ಲೋ ಇರುತ್ತಾರೆ. ರಾತ್ರಿಯ ಉಸ್ತುವಾರಿಗೆ ಉಳಿಯುವುದು ಈ ಊರಿನ ದಾರಿಯೇ ತಿಳಿಯದ ಇಬ್ಬರು ಹುಡುಗರು ಮತ್ತು ಒಂದು ಸ್ಪೀಕರ್.

ಇದಕ್ಕೆ ಪೂರ್ತಿ ಭಿನ್ನವಾದ ಒಂದು ಏರ್ಪಾಡನ್ನು ನಾನು ಕಂಡದ್ದು, ವಿಚಿತ್ರವೆಂದರೆ, ಜಗತ್ತಿನ ಅತಿ ದೊಡ್ಡ ಥೀಮ್ ಪಾರ್ಕ್‌ಗಳಲ್ಲೊಂದರ ಅಂಗಳದಲ್ಲಿ. ಮಗಳ ಕುಟುಂಬದ ಜೊತೆ ಚಳಿಗಾಲದಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿದ್ದಾಗ ವಾಲ್ಟ್ ಡಿಸ್ನಿ ವರ್ಲ್ಡ್‌ನ ಫೋರ್ಟ್ ವಿಲ್ಡರ್ನೆಸ್ ಎಂಬ ಕ್ಯಾಂಪ್‌ಗ್ರೌಂಡ್‌ನಲ್ಲಿ ಕೆಲವು ರಾತ್ರಿ ತಂಗಿದ್ದೆವು. ಥೀಮ್ ಪಾರ್ಕ್ ತೆರೆದ ವರ್ಷವೇ, ಅಂದರೆ 1971ರ ನವೆಂಬರ್‌ನಲ್ಲಿ, ಆರಂಭವಾದ ಈ ತಾಣ ಸುಮಾರು 750 ಎಕರೆ ಪೈನ್ ಮತ್ತು ಸೈಪ್ರೆಸ್ ಮರಗಳ ಕಾಡಿನಲ್ಲಿ ಹರಡಿಕೊಂಡಿದೆ. ಅಲ್ಲಿನ ಜನವರಿಯ ಹಗಲು ಹಿತವಾಗಿರುತ್ತದೆ, ರಾತ್ರಿ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಂದರೆ ನಮ್ಮ ಮಡಿಕೇರಿಯ ಚಳಿಗಿಂತ ಹೆಚ್ಚೇನೂ ಬೇರೆಯಲ್ಲ. ಟೆಂಟಿನವರಿಗೂ ಟ್ರೇಲರ್ ವಾಹನದವರಿಗೂ ಸೇರಿ ಎಂಟುನೂರರಷ್ಟು ನಿವೇಶನಗಳಿವೆ. ರಜೆಯ ದಿನಗಳಲ್ಲಿ ಅವೆಲ್ಲ ತುಂಬಿರುವಾಗ ಅಲ್ಲಿ ಸೇರುವ ಜನ ನಮ್ಮ ಒಂದು ಸಣ್ಣ ಪಟ್ಟಣದ ಜನಸಂಖ್ಯೆಗೆ ಸಮ.

ಆ ನಿವೇಶನವೊಂದನ್ನು ಹತ್ತಿರದಿಂದ ನೋಡಿದರೆ ಅಲ್ಲಿನ ಶಿಸ್ತಿನ ಗುಟ್ಟು ತಿಳಿಯುತ್ತದೆ. ರಸ್ತೆಯ ಬದಿಯಲ್ಲಿ ಸಂಖ್ಯೆ ಬರೆದ ಒಂದು ಕಂಬ; ಅದರ ಹಿಂದೆ ವಾಹನ ನಿಲ್ಲಿಸಲು ಗಟ್ಟಿ ನೆಲ, ಟೆಂಟ್ ಹೊಡೆಯಲು ಸಮತಟ್ಟಾದ ಜಾಗ, ಮರದ ಊಟದ ಮೇಜು, ಕಂಬಕ್ಕೆ ಕೂರಿಸಿದ ಕಬ್ಬಿಣದ ಇದ್ದಿಲು ಒಲೆ, ನೀರಿನ ನಲ್ಲಿ, ವಿದ್ಯುತ್ ಪೆಟ್ಟಿಗೆ. ಟ್ರೇಲರ್‌ಗಳಿಗೆ ಮೀಸಲಾದ ಕಡೆ ಮಲಿನ ನೀರನ್ನು ನೇರವಾಗಿ ಕೊಳವೆಗೆ ಜೋಡಿಸುವ ವ್ಯವಸ್ಥೆಯೂ ಇದೆ. ಒಂದು ನಿವೇಶನದಲ್ಲಿ ಹತ್ತು ಜನರಿಗಿಂತ ಹೆಚ್ಚು ತಂಗುವಂತಿಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಶೌಚಾಲಯ, ಸ್ನಾನಗೃಹ, ಬಟ್ಟೆ ಒಗೆಯುವ ಯಂತ್ರಗಳಿರುವ ಕಟ್ಟಡ, ಅಲ್ಲಿಗೆ ಹೋಗುವ ದಾರಿಗೆ ತಗ್ಗಿದ ದೀಪ. ಸ್ವಂತ ಕಾರನ್ನು ತಂಗಿದ ಜಾಗಕ್ಕೆ ಬರಲು ಮತ್ತು ಅಲ್ಲಿಂದ ಹೊರಡಲು ಮಾತ್ರ ಬಳಸಬಹುದು. ಒಳಗಿನ ಓಡಾಟಕ್ಕೆ ಬಸ್ಸು, ಸೈಕಲ್, ಬಾಡಿಗೆಯ ವಿದ್ಯುತ್ ಗಾಲ್ಫ್ ಕಾರ್ಟ್‌ಗಳಿವೆ. ಕ್ರಿಸ್ಮಸ್ ಹೊತ್ತಿಗೆ ಆ ಕಾರ್ಟ್‌ಗಳಿಗೆ, ಟೆಂಟುಗಳಿಗೆ ಬಣ್ಣದ ದೀಪಮಾಲೆ ಸುತ್ತಿ, ಊದಿದ ಗೊಂಬೆಗಳನ್ನು ನಿಲ್ಲಿಸಿ ಶೃಂಗರಿಸುವ ಉತ್ಸಾಹ ಕಂಡರೆ ನಗು ಬರುತ್ತದೆ. ನನ್ನ ಅಭಿರುಚಿಗೆ ಅದು ಅತಿಯಾಯಿತು ಎಂದೇ ಹೇಳಬೇಕು. ಆದರೆ ಆ ದೀಪಗಳಿಗೆ ಸದ್ದಿಲ್ಲ.

ಬೆಂಕಿಯ ವಿಷಯದಲ್ಲಿ ಅವರ ಏರ್ಪಾಡು ಇನ್ನೂ ಗಮನಾರ್ಹ. ನೆಲದ ಮೇಲೆ ಬೆಂಕಿ ಹಾಕುವಂತಿಲ್ಲ. ಸಂಜೆ ಎಲ್ಲರಿಗೂ ಸೇರಿ ಒಂದು ಬಯಲಿನಲ್ಲಿ ಬೆಂಕಿ ಹಾಕುತ್ತಾರೆ. ಮಕ್ಕಳು ಕಡ್ಡಿಗೆ ಚುಚ್ಚಿದ ಮಾರ್ಷ್‌ಮೆಲೊ ಸುಟ್ಟು ತಿನ್ನುತ್ತಾರೆ, ಡಿಸ್ನಿಯ ಚಿಪ್ ಮತ್ತು ಡೇಲ್ ಎಂಬ ಅಳಿಲಿನ ವೇಷಧಾರಿಗಳು ಬಂದು ಕುಣಿಯುತ್ತಾರೆ, ಗಿಟಾರ್ ಹಿಡಿದವರೊಬ್ಬರು ಹಾಡಿಸುತ್ತಾರೆ. ಅದು ಮುಗಿದ ಮೇಲೆ ಜನ ತಮ್ಮ ತಮ್ಮ ನಿವೇಶನಗಳಿಗೆ ಮರಳಿ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ಹಗಲಿಡೀ ಥೀಮ್ ಪಾರ್ಕ್‌ನಲ್ಲಿ ಕೂಗಾಡಿ ಬಂದವರೇ ರಾತ್ರಿ ಹೀಗಿರುವುದನ್ನು ಕಂಡು ನನಗೆ ಆಶ್ಚರ್ಯವಾಯಿತು. ಅದು ಆ ಜನರ ಹುಟ್ಟುಗುಣ ಎಂದು ನಾನು ನಂಬುವುದಿಲ್ಲ. ಎಲ್ಲಿ ಕುಣಿಯಬೇಕು, ಎಲ್ಲಿ ಮಲಗಬೇಕು ಎಂಬುದನ್ನು ಜಾಗದ ವಿನ್ಯಾಸದಲ್ಲೇ ಬೇರ್ಪಡಿಸಿರುವುದರ ಫಲ ಅದು. ಅಲ್ಲಿನ ದರ ನಮ್ಮ ಮಧ್ಯಮ ವರ್ಗದವರ ಎದೆ ಝಲ್ಲೆನಿಸುವಷ್ಟಿದೆ, ಎಲ್ಲವೂ ವ್ಯಾಪಾರವೇ. ಆ ಭಾಗವನ್ನು ನಾವು ಕಲಿಯಬೇಕಾಗಿಲ್ಲ.

ಇನ್ನು ನಮ್ಮಲ್ಲಿನ ಸ್ಥಿತಿ. ನಮ್ಮ ತೋಟದ ಆಚೆ ಬದಿಯ ಇಳಿಜಾರಿನಲ್ಲಿ ನಡೆಯುವ ಇಂಥದ್ದೊಂದು ವಾಸ್ತವ್ಯದಲ್ಲಿ ಕಳೆದ ಚಳಿಗಾಲದ ವಾರಾಂತ್ಯಗಳಲ್ಲಿ ಡಿಜೆ ಶಬ್ದ ನಡುರಾತ್ರಿ ದಾಟಿದ ಮೇಲೂ ನಿಲ್ಲುತ್ತಿರಲಿಲ್ಲ. ಚಳಿಗಾಲದಲ್ಲಿ ಈ ತೊಂದರೆ ಹೆಚ್ಚುವುದಕ್ಕೆ ಭೌತಿಕ ಕಾರಣವೂ ಇದೆ. ತಿಳಿಯಾದ ರಾತ್ರಿಯಲ್ಲಿ ನೆಲ ಬೇಗ ತಣಿದು ತಂಪು ಗಾಳಿ ಕಣಿವೆಯ ತಳದಲ್ಲಿ ಮಡುಗಟ್ಟುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ನಿಲ್ಲುತ್ತದೆ. ಮೇಲಕ್ಕೆ ಹೋಗಿ ಚದುರಬೇಕಾದ ಶಬ್ದ ಆ ಪದರದಲ್ಲಿ ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ. ಹೀಗಾಗಿ ಮಳೆಗಾಲದಲ್ಲಿ ಪಕ್ಕದ ತೋಟಕ್ಕೂ ಕೇಳಿಸದ ಹಾಡು ಜನವರಿಯಲ್ಲಿ ಕಣಿವೆ ದಾಟಿ ತೋಟ ಕಾರ್ಮಿಕರ ಲೈನ್ ಮನೆಗಳ ಗೋಡೆಗೆ ಬಡಿಯುತ್ತದೆ. ಅರೇಬಿಕಾ ಕೊಯ್ಲಿನ ಕೊನೆ, ರೊಬಸ್ಟಾ ಕೊಯ್ಲಿನ ಭರಾಟೆ ಎರಡೂ ಕೂಡಿ ಬರುವ ತಿಂಗಳುಗಳವು. ನಸುಕಿಗೇ ಎದ್ದು ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಹೊರಡಿಸಿ, ಇಬ್ಬನಿಯಿಂದ ತೊಯ್ದ ಗಿಡಗಳ ನಡುವೆ ಹಣ್ಣು ಕೊಯ್ಯಲು ಇಳಿಯುವ ಹೆಂಗಸರಿಗೆ ಆ ರಾತ್ರಿಯ ನಿದ್ರೆಯನ್ನು ಯಾರು ಮರಳಿ ಕೊಡುತ್ತಾರೆ? ದೂರು ಕೊಟ್ಟರೆ ಒಂದು ದಿನ ಶಬ್ದ ತಗ್ಗುತ್ತದೆ, ಮರುವಾರ ಮತ್ತೆ ಅದೇ ಕಥೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂದು 2000ದ ಶಬ್ದ ಮಾಲಿನ್ಯ ನಿಯಮಗಳೇ ಹೇಳುತ್ತವೆ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಹೊಸ ಕಾನೂನೇನೂ ಬೇಕಾಗಿಲ್ಲ, ಇರುವುದನ್ನು ಅನುಮತಿಯ ಷರತ್ತಾಗಿ ಬರೆದರೆ ಸಾಕು.

ಶಬ್ದಕ್ಕಿಂತ ದೊಡ್ಡ ಭಯ ಆನೆಯದು. ಫ್ಲಾರಿಡಾದ ಆ ಕಾಡಿನಲ್ಲಿ ರಾತ್ರಿ ಟೆಂಟಿನ ಬಳಿ ಸುಳಿಯುವುದು ಜಿಂಕೆ, ಹೆಚ್ಚೆಂದರೆ ಆರ್ಮಡಿಲೊ. ಸಿದ್ದಾಪುರ, ಅಮ್ಮತ್ತಿ, ಮಾಲ್ದಾರೆ ಭಾಗದಲ್ಲಿ ಭತ್ತ ಮಾಗುವ ಕಾಲದಿಂದಲೇ ಕಾಡಾನೆಗಳು ತೋಟಗಳೊಳಗೆ ಬೀಡು ಬಿಡುತ್ತವೆ. ತೋಟದ ಕೆರೆಯ ನೀರು, ನೆರಳು, ಮಾಗಿದ ಕಾಫಿ ಹಣ್ಣು ಎಲ್ಲವೂ ಅವಕ್ಕೆ ಪರಿಚಿತ. ಆನೆಗಳು ಎಲ್ಲಿವೆ ಎಂಬ ಅರಣ್ಯ ಇಲಾಖೆಯ ಸಂದೇಶವನ್ನು ನೋಡಿಕೊಂಡೇ ನಾವು ಬೆಳಿಗ್ಗೆ ಕಾರ್ಮಿಕರನ್ನು ಯಾವ ಬ್ಲಾಕಿಗೆ ಕಳುಹಿಸಬೇಕೆಂದು ತೀರ್ಮಾನಿಸುತ್ತೇವೆ. ಅದೇ ತೋಟದ ಅಂಚಿನಲ್ಲಿ ತೆಳು ಬಟ್ಟೆಯೊಳಗೆ ಮಲಗಿದ ಅತಿಥಿಗೆ ಆ ಸಂದೇಶ ತಲುಪುವುದಿಲ್ಲ. ಶೌಚಾಲಯ ದೂರವಿದ್ದರೆ ಅವರು ಮೊಬೈಲ್ ಬೆಳಕಿನಲ್ಲಿ ಕಾಫಿ ಗಿಡಗಳ ನಡುವೆ ನಡೆಯುತ್ತಾರೆ, ಉಳಿದ ಊಟವನ್ನು ಟೆಂಟಿನ ಬಾಗಿಲಲ್ಲೇ ಬಿಡುತ್ತಾರೆ. 2021ರ ಜನವರಿಯಲ್ಲಿ ನೆರೆಯ ವಯನಾಡಿನ ಮೇಪ್ಪಾಡಿ ಬಳಿ ರೆಸಾರ್ಟೊಂದರ ಟೆಂಟಿನಲ್ಲಿ ತಂಗಿದ್ದ ಪ್ರವಾಸಿ ಮಹಿಳೆಯೊಬ್ಬರು ಕಾಡಾನೆ ದಾಳಿಗೆ ಬಲಿಯಾದರು. ಅಲ್ಲಿನ ಆಡಳಿತ ಟೆಂಟ್ ವಾಸ್ತವ್ಯಗಳ ಪರವಾನಗಿ ಕೇಳಲು ಮುಂದಾದದ್ದು ಆ ಸಾವಿನ ಬಳಿಕ. ನಮ್ಮ ಜಿಲ್ಲೆಯೂ ಅಂಥದ್ದೊಂದು ಘಟನೆಗೆ ಕಾಯಬೇಕಾಗಿಲ್ಲ.

ಚಳಿ ಕಾಯಿಸುವ ಬೆಂಕಿಯ ಬಗ್ಗೆಯೂ ಎರಡು ಮಾತು. ಜನವರಿ ಕಳೆಯುವಷ್ಟರಲ್ಲಿ ಬಾಣೆಯ ಹುಲ್ಲು ಒಣಗಿ ನಿಂತಿರುತ್ತದೆ. ಪ್ರತಿ ಟೆಂಟಿನ ಮುಂದೆ ಒಂದೊಂದು ಬೆಂಕಿ ಹಾಕಿ, ಕೆಂಡ ಆರಿಸದೆ ಮಲಗುವುದು ಕಾಳ್ಗಿಚ್ಚಿಗೆ ನೇರ ಆಹ್ವಾನ. ಅದಕ್ಕಿಂತ ಗುಪ್ತವಾದ ಅಪಾಯವೆಂದರೆ ಉಳಿದ ಕೆಂಡವನ್ನು ಬಾಣಲೆಯಲ್ಲಿ ತುಂಬಿ ಟೆಂಟಿನೊಳಗೆ ಇಟ್ಟುಕೊಳ್ಳುವುದು. ಇದ್ದಿಲು ಉರಿಯುವಾಗ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜಿಪ್ ಎಳೆದು ಮುಚ್ಚಿದ ಟೆಂಟಿನಲ್ಲಿ ಅದು ನಿದ್ರೆಯಲ್ಲೇ ಪ್ರಾಣ ತೆಗೆಯಬಲ್ಲದು. ಅಸಲಿಗೆ ನಮ್ಮ ಅತಿಥಿಗಳು ನಡುಗುವುದಕ್ಕೆ ಬೆಂಕಿಯ ಕೊರತೆ ಕಾರಣವಲ್ಲ. ಮೇಲೆ ಹೊದೆಯಲು ಎರಡು ಕಂಬಳಿ ಕೊಟ್ಟು ಕೆಳಗೆ ಒಂದು ತೆಳು ಚಾಪೆ ಹಾಸಿದರೆ ಮೈಯ ಬಿಸಿಯನ್ನೆಲ್ಲ ನೆಲವೇ ಹೀರಿಕೊಳ್ಳುತ್ತದೆ. ದಪ್ಪ ಹಾಸು, ಇಬ್ಬನಿ ತಡೆಯುವ ಮೇಲ್ಹೊದಿಕೆ, ಉಸಿರಿನ ತೇವ ಹೊರಹೋಗಲು ಗಾಳಿಕಿಂಡಿ ಇಷ್ಟನ್ನು ಕೊಟ್ಟರೆ ಕೆಂಡ ಬೇಕಾಗುವುದಿಲ್ಲ. ತಲೆಗೆ ಇಂತಿಷ್ಟೆಂದು ಸಾವಿರಾರು ರೂಪಾಯಿ ಪಡೆಯುವವರು ಒಂದು ಒಳ್ಳೆಯ ಹಾಸಿಗೆ ಕೊಡಲು ಹಿಂದೇಟು ಹಾಕುವುದು ಸರಿಯಲ್ಲ.

ಕಸ ಮತ್ತು ಶೌಚದ ಬಗ್ಗೆ ಈಗಾಗಲೇ ಈ ಅಂಕಣದಲ್ಲಿ ಹಲವರು ಬರೆದಿದ್ದಾರೆ. ಇಳಿಜಾರಿನ ಮೇಲ್ಭಾಗದಲ್ಲಿ ತೋಡಿದ ತಾತ್ಕಾಲಿಕ ಗುಂಡಿಯ ನೀರು ಕೆಳಗಿನ ತೋಡಿಗೆ, ತೋಡಿನ ನೀರು ಕಾವೇರಿಗೆ ಸೇರುತ್ತದೆ ಎಂಬುದನ್ನಷ್ಟೇ ನೆನಪಿಸುತ್ತೇನೆ. ಟೆಂಟುಗಳಿಗೆ ಸಮತಟ್ಟು ಜಾಗ ಬೇಕೆಂದು ಜೆಸಿಬಿ ತಂದು ಗುಡ್ಡ ಕೊರೆಯುವುದನ್ನಂತೂ 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡ ಜಿಲ್ಲೆಯಲ್ಲಿ ಯಾರೂ ಸಮರ್ಥಿಸಲಾರರು.

ನನ್ನ ಬೇಡಿಕೆ ಇಷ್ಟೇ. ಟೆಂಟ್ ವಾಸ್ತವ್ಯವನ್ನು ಹೋಂಸ್ಟೇ ನೋಂದಣಿಯ ಬಾಲವಾಗಿ ಬಿಡದೆ, ಪ್ರತ್ಯೇಕ ಅನುಮತಿಯ ವ್ಯಾಪ್ತಿಗೆ ತರಬೇಕು. ಪ್ರವಾಸೋದ್ಯಮ ಇಲಾಖೆ, ಅರಣ್ಯ ಇಲಾಖೆ ಮತ್ತು ಗ್ರಾಮ ಪಂಚಾಯಿತಿ ಮೂವರೂ ಜಾಗ ನೋಡಿ ಒಪ್ಪಿದ ಮೇಲೆ ಇಷ್ಟೇ ನಿವೇಶನ, ಪ್ರತಿ ನಿವೇಶನಕ್ಕೆ ಇಷ್ಟೇ ಜನ ಎಂದು ಸಂಖ್ಯೆ ಗೊತ್ತುಪಡಿಸಬೇಕು. ಆನೆ ಓಡಾಡುವ ದಾರಿಯಲ್ಲಿ ಒಂದು ಟೆಂಟಿಗೂ ಅವಕಾಶ ಬೇಡ. ಎಲ್ಲರಿಗೂ ಸೇರಿ ಒಂದೇ ಅಗ್ಗಿಷ್ಟಿಕೆ, ಅದೂ ಕಲ್ಲು ಕಟ್ಟಿದ ವೃತ್ತದೊಳಗೆ, ರಾತ್ರಿ 10ಕ್ಕೆ ನೀರು ಸುರಿದು ಆರಿಸುವ ಹೊಣೆ ಹೊತ್ತ ವ್ಯಕ್ತಿಯ ಹೆಸರಿನೊಂದಿಗೆ. ಪರವಾನಗಿದಾರ ಅಥವಾ ಸ್ಥಳೀಯ ಪ್ರತಿನಿಧಿ ರಾತ್ರಿ ಅಲ್ಲೇ ಇರಬೇಕು. ಅರಣ್ಯ ಇಲಾಖೆಯ ಆನೆ ಸಂದೇಶ ಅವರ ಫೋನಿಗೂ ಬರಬೇಕು. ಸಂಖ್ಯೆಯ ಮಿತಿ ಹಾಕಿದರೆ ಪ್ರವಾಸೋದ್ಯಮ ಮುಳುಗುತ್ತದೆ ಎಂಬ ಆತಂಕಕ್ಕೆ ಕುಮಾರ ಪರ್ವತದ ಉದಾಹರಣೆ ಉತ್ತರ ಕೊಡುತ್ತದೆ. 2024ರ ಜನವರಿಯ ರಜೆಯಲ್ಲಿ ಅಲ್ಲಿ ಉಂಟಾದ ಜನಜಂಗುಳಿಯ ನಂತರ ಅರಣ್ಯ ಇಲಾಖೆ ಚಾರಣಗಳನ್ನು ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿಗೆ ಒಳಪಡಿಸಿತು. ಚಾರಣಿಗರು ಬರುವುದನ್ನೇನೂ ನಿಲ್ಲಿಸಲಿಲ್ಲ.

ಡಿಜೆ ಇಲ್ಲದಿದ್ದರೆ ಹುಡುಗರು ಬರುವುದಿಲ್ಲ ಎಂದು ವಾಸ್ತವ್ಯ ನಡೆಸುವವರು ಹೇಳುವುದನ್ನು ಕೇಳಿದ್ದೇನೆ. ಹಾಗಿದ್ದರೆ ಅವರ ಬಂಡವಾಳ ಕೊಡಗಲ್ಲ, ಸ್ಪೀಕರ್. ಅದನ್ನು ಯಾವ ಊರಿನಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ನಮ್ಮ ನೆಂಟರೊಬ್ಬರು ತಮ್ಮ ಐನ್‌ಮನೆಯ (ಕುಟುಂಬದ ಮೂಲಮನೆಯ) ಬಳಿ ಬೆರಳೆಣಿಕೆಯ ಟೆಂಟುಗಳನ್ನಷ್ಟೇ ಹಾಕಿ, ಹಗಲು ಅತಿಥಿಗಳನ್ನು ಕಾಫಿ ಕಣಕ್ಕೆ ಕರೆದೊಯ್ದು, ರಾತ್ರಿ ಅಕ್ಕಿ ರೊಟ್ಟಿ, ಕಡಂಬುಟ್ಟು ಬಡಿಸಿ, ದೀಪ ಆರಿಸಿ ಮಹಾವ್ಯಾಧ, ಕೃತ್ತಿಕೆ ನಕ್ಷತ್ರಗಳನ್ನು ತೋರಿಸುತ್ತಾರೆ. ಡಿಸೆಂಬರ್‌ನಲ್ಲಿ ಅವರಲ್ಲಿ ಜಾಗ ಸಿಗುವುದು ಕಷ್ಟ.

ವರ್ಷಾಂತ್ಯದ ಬುಕಿಂಗ್‌ಗಳು ಹುತ್ತರಿಗೆ ಮುಂಚೆಯೇ ಆರಂಭವಾಗುವುದರಿಂದ, ಆ ಹೊತ್ತಿಗೆ ಷರತ್ತುಗಳು ಜಾರಿಯಲ್ಲಿರುವಂತೆ ಜಿಲ್ಲಾಧಿಕಾರಿಗಳು ಈಗಲೇ ಒಂದು ಸಭೆ ಕರೆಯಬೇಕೆಂದು ಕೋರುತ್ತೇನೆ. ಆ ಸಭೆಗೆ ರೆಸಾರ್ಟ್ ಮತ್ತು ಹೋಂಸ್ಟೇ ಮಾಲೀಕರು, ಬೆಳೆಗಾರರು, ಪೊಲೀಸ್ ಹಾಗೂ ಅರಣ್ಯ ಅಧಿಕಾರಿಗಳ ಜೊತೆಗೆ ಲೈನ್ ಮನೆಗಳಲ್ಲಿ ವಾಸಿಸುವ ತೋಟ ಕಾರ್ಮಿಕರ ಪ್ರತಿನಿಧಿಗಳನ್ನೂ ಆಹ್ವಾನಿಸಬೇಕು, ಮತ್ತು ಅದನ್ನು ಅವರ ಒಂದು ದಿನದ ಕೂಲಿ ತಪ್ಪದಂತೆ ಭಾನುವಾರ ನಡೆಸಬೇಕು.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಸಿದ್ದಾಪುರ, ಕೊಡಗು