ಕಸ್ಟರ್ ಪ್ರತಿಮೆಯ ಬುಡದಲ್ಲಿ ವಾಷಿಟಾ ಕೂಡ ಇರಲಿ: ಮನ್ರೋ ಮೇಯರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಯರ್ ಅವರೇ,

ಡೆಟ್ರಾಯ್ಟ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ನಾನೂ ಒಬ್ಬ. ಟೊಲೀಡೊ ಕಡೆ ಹೊರಟರೆ ನಿಮ್ಮ ಊರು ದಾರಿಯಲ್ಲೇ ಸಿಗುತ್ತದೆ. ಇದರ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ನಮ್ಮವರೂ ಓದಲಿ ಎಂದು ಕನ್ನಡದಲ್ಲೂ ಬರೆದಿದ್ದೇನೆ.

ನಿಮ್ಮೂರಿನಲ್ಲೇ ಬೆಳೆದ, 19ನೇ ಶತಮಾನದ ಅಮೆರಿಕನ್ ಸೇನಾಧಿಕಾರಿ ಜಾರ್ಜ್ ಕಸ್ಟರನ ಪ್ರತಿಮೆಯನ್ನು 1910ರಲ್ಲಿ ಅಧ್ಯಕ್ಷ ಟಾಫ್ಟ್ ಎದುರಿಗೆ ಅವನ ಪತ್ನಿ ಲಿಬ್ಬಿ ಅನಾವರಣ ಮಾಡಿದರು. ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕದನದಲ್ಲಿ ಶತ್ರುಪಡೆ ಅವನ ಕಣ್ಣಿಗೆ ಬಿದ್ದ ಗಳಿಗೆಯನ್ನು ಆ ಪ್ರತಿಮೆ ತೋರಿಸುತ್ತದೆ. ಆ ಶೌರ್ಯ ಸುಳ್ಳಲ್ಲ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ತರಗತಿಗೇ ಕೊನೆಯವನಾಗಿ ಪಾಸಾದ ಹುಡುಗ, 1863ರ ಜುಲೈ 3ರಂದು, ಇನ್ನೂ 23ರ ಹರೆಯದಲ್ಲಿ, ಮಿಷಿಗನ್ ಸವಾರರನ್ನು ಮುನ್ನಡೆಸಿ ದಕ್ಷಿಣದವರ ಸೇನಾನಿ ಸ್ಟುವರ್ಟನ ಅಶ್ವದಳದ ಮೇಲೆ ನುಗ್ಗಿದ. ಆದರೆ ಅಂದು ಅವನ ಮೇಲಧಿಕಾರಿಯಾಗಿ ಜನರಲ್ ಗ್ರೆಗ್ ಇದ್ದ, ಮುಂದೆ ಜನರಲ್ ಶೆರಿಡನ್ ಬಂದ. ಎಲ್ಲಿ, ಯಾವಾಗ ನುಗ್ಗಬೇಕೆಂದು ಹೇಳುವವರು ಇದ್ದಷ್ಟು ದಿನ ಕಸ್ಟರ್ ಒಳ್ಳೆಯ ದಂಡನಾಯಕ. ನನ್ನ ಲೆಕ್ಕದಲ್ಲಿ ಅವನ ಕೀರ್ತಿಯ ಎಲ್ಲೆ ಅಲ್ಲಿಗೆ ಮುಗಿಯಿತು.

1868ರ ನವೆಂಬರ್ 27. ಇಂದಿನ ಓಕ್ಲಹೋಮಾದ ವಾಷಿಟಾ ನದಿಯ ದಂಡೆ, ಹಿಮ, ಇನ್ನೂ ಬೆಳಕು ಹರಿಯುವ ಹೊತ್ತು. ನದಿಯ ಕೆಳಗಡೆ ಇನ್ನೆಷ್ಟು ಬಿಡಾರಗಳಿವೆ ಎಂದು ನೋಡಿಸದೆ ಕಸ್ಟರ್ ಮೂಲನಿವಾಸಿ ಷಯೆನ್ ಜನರ ಹಳ್ಳಿಗೆ ಮುತ್ತಿಗೆ ಹಾಕಿದ. ನಾಲ್ಕು ವರ್ಷಗಳ ಹಿಂದೆ ಸೈನಿಕರು ಷಯೆನ್ನರನ್ನು ಕೊಂದ ಸ್ಯಾಂಡ್ ಕ್ರೀಕ್ ಹತ್ಯಾಕಾಂಡದಿಂದ ಪಾರಾಗಿ ಬಂದಿದ್ದ, ಸಂಧಿಯನ್ನೇ ಬಯಸುತ್ತಿದ್ದ ಮುಖಂಡ ಬ್ಲ್ಯಾಕ್ ಕೆಟಲ್ ಹೆಂಡತಿಯ ಜೊತೆಗೇ ಗುಂಡಿಗೆ ಬಲಿಯಾದ. ಸತ್ತವರು 103 ಯೋಧರು ಎಂದು ಕಸ್ಟರ್ ವರದಿ ಬರೆದ. ಗಂಡಸರು ಅಷ್ಟಿರಲಿಲ್ಲ, ಸತ್ತವರಲ್ಲಿ ಹೆಂಗಸರು ಮಕ್ಕಳೂ ಇದ್ದರು ಎಂದರು ಷಯೆನ್ನರು. ಕಸ್ಟರ್ ಅವರ ನೂರಾರು ಕುದುರೆಗಳನ್ನೂ ಕೊಲ್ಲಿಸಿದ. ತನ್ನದೇ ಮೇಜರ್ ಎಲಿಯಟ್ ಮತ್ತವನ ಸೈನಿಕರು ಏನಾದರೆಂದು ಸರಿಯಾಗಿ ಹುಡುಕದೆ ಹೊರಟುಬಂದ. ಅವನ ಕೈಕೆಳಗಿನ ಅಧಿಕಾರಿ ಬೆಂಟೀನ್ ಇದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

1876ರ ಜೂನ್ 25ರಂದು ಗುಡ್ಡದ ಮೇಲಿಂದ ಬೇಹುಗಾರರು ದೂರದ ಕಣಿವೆಯಲ್ಲಿ ಲಕೋಟಾ, ಷಯೆನ್ ಜನರ ದೊಡ್ಡ ಬಿಡಾರದ ಕುದುರೆ ಹಿಂಡು ತೋರಿಸಿದರು. ಕಸ್ಟರನ ಕಣ್ಣಿಗೆ ಅದು ಬೀಳಲೇ ಇಲ್ಲ! ಆಮೇಲೆ ದಳವನ್ನು ಒಡೆದು ಹಂಚಿದ. ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ಆ ಕದನದಲ್ಲಿ ಅವನ ಜೊತೆ ಇಬ್ಬರು ತಮ್ಮಂದಿರು, ತಂಗಿಯ ಗಂಡ, ಅಕ್ಕನ ಮಗ ಎಲ್ಲರೂ ಸತ್ತರು. ನಿಮ್ಮ ಊರಿನ ದುಃಖ ನಿಜವಾದದ್ದೇ. ಬೇರೆ ತುಕಡಿಗಳನ್ನು ನಡೆಸುತ್ತಿದ್ದ ರೀನೋ, ಬೆಂಟೀನ್ ನೆರವಿಗೆ ಬರಲಿಲ್ಲ ಎನ್ನುವವರು ಇಂದಿಗೂ ಇದ್ದಾರೆ; ಒಡೆದು ಹಂಚಿದ್ದು ಅವರಲ್ಲವಲ್ಲ. ಅದು ಕಸ್ಟರನೇ ತಂದುಕೊಂಡ, ಬೇಕಿಲ್ಲದ ಬಲಿ ಎಂದು ಅದೇ ವರ್ಷ ಅಧ್ಯಕ್ಷ ಗ್ರಾಂಟ್ ಹೇಳಿದ್ದರು. ಆದರೆ ಲಿಬ್ಬಿ 1933ರವರೆಗೆ ಬದುಕಿದ್ದರು, ಗಂಡನ ಕುರಿತು ಮೂರು ಪುಸ್ತಕ ಬರೆದರು. ವಿಧವೆಯ ಮನಸ್ಸು ನೋಯಿಸುವುದೇಕೆಂದು ಎಷ್ಟೋ ಮಂದಿ ಬಾಯಿ ಬಿಡಲಿಲ್ಲ.

ಪ್ರತಿಮೆ ಕೀಳಿ ಎಂದು ನಾನು ಕೇಳುತ್ತಿಲ್ಲ. ಮೊಂಟಾನಾದ ಆ ರಣಭೂಮಿಗಿದ್ದ ಕಸ್ಟರನ ಹೆಸರನ್ನು 1991ರಲ್ಲಿ ತೆಗೆದರು, 2003ರಲ್ಲಿ ಅಲ್ಲಿಯೇ ಮೂಲನಿವಾಸಿಗಳ ಸ್ಮಾರಕ ಲೋಕಾರ್ಪಣೆಯಾಯಿತು. ಮನ್ರೋದಲ್ಲಿ ಕಲ್ಲಿನ ಒಂದು ಫಲಕ ಸಾಕು: ಗೆಟ್ಟಿಸ್‌ಬರ್ಗ್, ವಾಷಿಟಾ, ಲಿಟಲ್ ಬಿಗ್‌ಹಾರ್ನ್ ಮೂರೂ ಒಂದೇ ಅಳತೆಯ ಅಕ್ಷರಗಳಲ್ಲಿ, ವಿಶೇಷಣಗಳಿಲ್ಲದೆ. ವಾಷಿಟಾದ ಸಾಲುಗಳನ್ನು ಷಯೆನ್ನರಿಂದಲೇ ಬರೆಸಿ. ನಗರಸಭೆಯ ಮುಂದಿನ ಸಭೆಯ ಕಾರ್ಯಸೂಚಿಗೆ ಈ ವಿಷಯ ಸೇರಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮಿಷಿಗನ್‌ನ ಒಬ್ಬ ಕನ್ನಡಿಗ