ಹ್ಯಾಲಿಬಟ್ ಕಯಾಕ್ ಪಕ್ಕಕ್ಕೆ ಬಂದಾಗ ಆತುರ ಬೇಡ

ಸಂಪಾದಕರೇ, ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ಕಯಾಕ್ ಬಗ್ಗೆ, ಅಂದರೆ ಹುಟ್ಟು ಹಾಕಿ ನಡೆಸುವ ಕಿರುದೋಣಿಯ ಬಗ್ಗೆ, ಬಂದ ಬರಹ ಓದಿ ಖುಷಿಯಾಯ್ತು. ಕಯಾಕ್‌ನಲ್ಲಿ ಕೂತು ಮೀನು ಹಿಡಿಯುವ ವಿಷಯ ಮಾತ್ರ ಅದರಲ್ಲಿ ಇರಲಿಲ್ಲ, ಅದಕ್ಕೇ ಈ ಪತ್ರ. ನಾನು ಕುಂದಾಪುರ ಕಡೆಯವನು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಬೇಸಿಗೆಯಲ್ಲಿ ರಜೆ ಸಿಕ್ಕಿದರೆ ಸಾಂತಾಕ್ರೂಜ್ ಹತ್ತಿರದ ಕ್ಯಾಪಿಟೋಲಾದಲ್ಲಿ ಕಯಾಕ್ ಇಳಿಸಿ ಹ್ಯಾಲಿಬಟ್ ಮೀನು ಹಿಡಿಯಲು ಹೋಗುತ್ತೇನೆ. ಈಗೀಗ ನಮ್ಮ ಕನ್ನಡದ ಹುಡುಗರೂ ಕಯಾಕ್ ಕೊಂಡು ಬರುತ್ತಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹ್ಯಾಲಿಬಟ್ ನಮ್ಮ ನಂಗು ಮೀನಿನ ಹಾಗೇ ಚಪ್ಪಟೆ, ಎರಡೂ ಕಣ್ಣು ಒಂದೇ ಕಡೆ. ಆದರೆ ಮೈ ದಪ್ಪ, ಬಾಯಿ ದೊಡ್ಡದು, ಬಾಯಿ ತುಂಬ ಚೂಪು ಹಲ್ಲು. ಅಲಾಸ್ಕಾದಲ್ಲಿ ಸಿಗುವ 200 ಕೆಜಿ ದಾಟುವ ಹ್ಯಾಲಿಬಟ್ ಬೇರೆ ಜಾತಿ, ನಾನು ಹೇಳುತ್ತಿರುವುದು ಕ್ಯಾಲಿಫೋರ್ನಿಯಾದ್ದು. ವಸಂತ ಬಂದ ಮೇಲೆ ಇದು ಮೊಟ್ಟೆ ಇಡಲು ದಡದ ಹತ್ತಿರದ ಮರಳಿಗೆ ಬರುತ್ತದೆ, ಹಾಗಾಗಿಯೇ ಕಯಾಕ್‌ನವರಿಗೂ ಸಿಗುತ್ತದೆ. ಮೈಮೇಲೆ ಮರಳು ಎಳೆದುಕೊಂಡು ಮಲಗಿ, ಮೇಲೆ ಸಣ್ಣ ಮೀನು ಹಾದುಹೋಗುವುದನ್ನೇ ಕಾಯುತ್ತಿರುತ್ತದೆ.

ಅಂದಮೇಲೆ ನಮ್ಮ ಗಾಳ ಅದರ ಮೂಗಿನ ಮುಂದೆ ನಿಧಾನವಾಗಿ ಹಾಯಬೇಕು, ಅಲ್ವಾ? ಲಂಗರು ಹಾಕಿ ಒಂದೇ ಕಡೆ ಕೂತರೆ ಸಿಗುವುದು ಕಡಿಮೆ. ಕಯಾಕನ್ನು ಗಾಳಿಗೂ ನೀರಿನ ಸೆಳೆತಕ್ಕೂ ಬಿಟ್ಟುಬಿಡಿ. ಜಾಸ್ತಿ ಓಡಿದರೆ ಡ್ರಿಫ್ಟ್ ಸಾಕ್ ಕಟ್ಟಿ, ಅದು ನೀರಲ್ಲಿ ಉಬ್ಬಿಕೊಂಡು ಹಿಂದಕ್ಕೆ ಎಳೆಯುವ ಬಟ್ಟೆ ಚೀಲ. ಸೀಸದ ಗುಂಡು ಮರಳು ತಾಗುತ್ತಾ ಹೋಗಬೇಕು, ಗಾಳ ಮೂರಡಿ ದಾರದಲ್ಲಿ ಅದರ ಹಿಂದೆ ತೇಲುತ್ತಾ ಬರಬೇಕು. ನಾನು ಆಂಚೊವಿ ಎಂಬ ಸಣ್ಣ ಮೀನು ಹಾಕುತ್ತೇನೆ, ಇಲ್ಲವೇ ನಮ್ಮ ಬೂತಾಯಿಯ ಬಳಗದ ಸಾರ್ಡೀನ್. ಮೂಗಿಗೊಂದು ಗಾಳ, ಬಾಲದ ಹತ್ತಿರ ಇನ್ನೊಂದು. ಎಷ್ಟೋ ಸಲ ಹ್ಯಾಲಿಬಟ್ ಬಾಲದ ಕಡೆಯನ್ನೇ ಕಚ್ಚುತ್ತದೆ. ಕಚ್ಚಿದಾಗ ಗಾಳ ಕಸಕ್ಕೆ ಸಿಕ್ಕಿದ ಹಾಗೆ ಭಾರವಾಗುತ್ತದೆ ಅಷ್ಟೆ. ಆಗ ಜಗ್ಗಬೇಡಿ. ಸ್ವಲ್ಪ ದಾರ ಬಿಡಿ, ಅದು ನುಂಗಲಿ, ಮತ್ತೆ ಭಾರ ಬಂದಾಗ ನಿಧಾನಕ್ಕೆ ಕೋಲು ಎತ್ತಿ.

ಇಲ್ಲಿವರೆಗೆ ಎಲ್ಲರೂ ಬೇಗ ಕಲಿಯುತ್ತಾರೆ. ಮೀನು ತಪ್ಪುವುದು, ಜನ ಬೀಳುವುದು ಕಯಾಕ್ ಪಕ್ಕದಲ್ಲೇ. ಕೆಳಗಿಂದ ಸುಮ್ನೆ ಹಲಗೆಯ ಹಾಗೆ ಬರುವ ಮೀನು ಬೆಳಕು ಕಂಡ ಕೂಡಲೇ ಹುಚ್ಚೆದ್ದು ಬಡಿಯುತ್ತದೆ. ಹೋದ ವರ್ಷ ನನ್ನ ಗೆಳೆಯ ಖುಷಿಯಲ್ಲಿ ಅದರ ತಲೆಯನ್ನು ನೀರಿನಿಂದ ಮೇಲೆತ್ತಿದ. ಮೀನು ಒಮ್ಮೆ ಮೈ ಕೊಡವಿತು, ಬಾಲದ ಕಡೆಯ ಗಾಳ ಅವನ ಅಂಗೈಗೆ ಚುಚ್ಚಿತು, ಅವನು ಆ ಕಡೆ ವಾಲಿದ, ಕಯಾಕ್ ಮಗುಚಿತು. ನೀರು ಎಷ್ಟು ತಣ್ಣಗಿತ್ತೆಂದರೆ ಅವನಿಗೆ ಒಂದು ಕ್ಷಣ ಉಸಿರೇ ಬರಲಿಲ್ಲ. ಲೈಫ್ ಜಾಕೆಟ್ ಹಾಕಿದ್ದ, ಮೈ ಬೆಚ್ಚಗಿಡುವ ವೆಟ್‌ಸೂಟ್ ಹಾಕಿದ್ದ, ನಾನು ಪಕ್ಕದಲ್ಲೇ ಇದ್ದೆ. ಹೊಟ್ಟೆ ಅಡ್ಡ ಹಾಕಿ, ಕಾಲು ಬಡಿದು ಮೇಲೆ ಹತ್ತಿಕೊಂಡ. ಅವನ ಕೈಯಲ್ಲಿ ರಕ್ತ ಸುರಿಯುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ.

ತಲೆ ನೀರೊಳಗೇ ಇರಲಿ. ಕೈಬಲೆಯನ್ನು ಮೊದಲೇ ನೀರಲ್ಲಿ ಮುಳುಗಿಸಿ ಹಿಡಿಯಿರಿ, ಮೀನನ್ನು ತಲೆ ಮುಂದಾಗಿ ಅದರೊಳಗೆ ನಡೆಸಿ. ಅದು ಮುಂದಕ್ಕೇ ನುಗ್ಗುವುದರಿಂದ ತಾನೇ ಒಳಗೆ ಹೋಗುತ್ತದೆ. ಎರಡೂ ಕಾಲನ್ನು ಎರಡು ಬದಿಗೆ ಇಳಿಬಿಟ್ಟರೆ ಕಯಾಕ್ ಅಷ್ಟು ಅಲುಗುವುದಿಲ್ಲ. ಇಟ್ಟುಕೊಳ್ಳುವಷ್ಟು ದೊಡ್ಡದಿದ್ದರೆ, ಮೀನನ್ನು ಬಲೆಯಲ್ಲಿಟ್ಟೇ ಕಣ್ಣುಗಳ ಹಿಂದೆ ಮರದ ಕೊಡತಿಯಿಂದ ಬಲವಾಗಿ ಹೊಡೆಯಿರಿ, ಕಿವಿರು ಕತ್ತರಿಸಿ ರಕ್ತ ಹೋಗಲು ಬಿಡಿ. ಆಮೇಲೆಯೇ ಗಾಳ ಬಿಡಿಸುವುದು.

22 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವ ಹಾಗಿಲ್ಲ, ಇಲ್ಲಿನ ಕಾನೂನು. ನನ್ನ ಹುಟ್ಟಿನ ಮೇಲೆ ಆ ಅಳತೆಗೆ ಕೆಂಪು ಟೇಪ್ ಸುತ್ತಿದ್ದೇನೆ. ಚಿಕ್ಕದು ಅನ್ನಿಸಿದರೆ ಬಲೆಯಿಂದ ಎತ್ತದೆ, ನೀರಲ್ಲೇ ಹುಟ್ಟು ಹಿಡಿದು ನೋಡಿ ಬಿಟ್ಟುಬಿಡುತ್ತೇನೆ. ಲೈಸೆನ್ಸ್ ಕೂಡ ಬೇಕು, 16 ವರ್ಷ ತುಂಬಿದ ಎಲ್ಲರಿಗೂ.

ಇಲ್ಲಿ ಈ ಬೇಸಿಗೆಗೆ ಮೊದಲ ಸಲ ಹೋಗುವವರಿದ್ದರೆ ದಯವಿಟ್ಟು ಒಬ್ಬರೇ ಹೋಗಬೇಡಿ. ಬೆಳಿಗ್ಗೆ ಬೇಗ ಇಳಿದು, ಮಧ್ಯಾಹ್ನದ ಗಾಳಿ ಏಳುವ ಮೊದಲು ದಡಕ್ಕೆ ಬಂದುಬಿಡಿ.

— ಕ್ಯಾಲಿಫೋರ್ನಿಯಾದಿಂದ ಒಬ್ಬ ಓದುಗ